ಅಪ್ಪನ ಕೋವಿ, ಡಲ್ಲಾಸ್‌ನ ಪಿಸ್ತೂಲು: ಬಂದೂಕು ಇಟ್ಟುಕೊಳ್ಳುವುದು ಹಕ್ಕೋ, ಅನುಮತಿಯೋ?

"ಚಿಕ್ಕಮ್ಮಾ, ಅಜ್ಜನ ಕೋವಿ ಏನ್ ಮಾಡಿದ್ರಿ?"

ಅಪ್ಪ ತೀರಿಕೊಂಡ ಮೂರು ವಾರಕ್ಕೆ ಅಕ್ಕನ ಮಗ ಡಲ್ಲಾಸ್‌ನಿಂದ ಫೋನ್ ಮಾಡಿ ಕೇಳಿದ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಜೋಡು ನಳಿಗೆಯ ಕೋವಿ ಒಂದಿತ್ತು. ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್. ತೋಟಕ್ಕೆ ಮಂಗ ನುಗ್ಗಿದಾಗ, ಗದ್ದೆಗೆ ಹಂದಿ ಇಳಿದಾಗ ಮೇಲಕ್ಕೆ ಒಂದು ಈಡು ಹಾರಿಸುತ್ತಿದ್ದರು. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಯ್ದು ಠೇವಣಿ ಇಡುವುದು, ಎಲ್ಲ ಮುಗಿದ ಮೇಲೆ ರಸೀದಿ ತೋರಿಸಿ ವಾಪಸ್ ತರುವುದು. ನಾವು ಚಿಕ್ಕವರಿದ್ದಾಗಿನಿಂದ ನೋಡಿದ್ದು ಇದನ್ನೇ.

"ಠಾಣೆಯಲ್ಲಿ ಇಟ್ಟಿದ್ದೇವೆ ಕಣೋ" ಅಂದೆ. "ನಮ್ದೇ ಕೋವಿ, ಪೊಲೀಸರಿಗೆ ಯಾಕೆ ಕೊಟ್ರಿ?" ಅಂದ.

ಅವನಿಗೆ ಆಶ್ಚರ್ಯ ಆಗಿದ್ದು ಸಹಜ. ಗ್ರೀನ್ ಕಾರ್ಡ್ ಬಂದ ಮೇಲೆ ಅವನೂ ಒಂದು ಪಿಸ್ತೂಲು ಕೊಂಡಿದ್ದಾನೆ. ಎಚ್‌-1ಬಿ ವೀಸಾದಲ್ಲಿ ಇರುವವರೆಗೆ ಸಾಮಾನ್ಯವಾಗಿ ಕೊಳ್ಳುವಂತಿಲ್ಲ, ಗ್ರೀನ್ ಕಾರ್ಡ್ ಬಂದರೆ ಕೊಳ್ಳಬಹುದು. ಅಂಗಡಿಗೆ ಹೋದ, ಫಾರಂ ತುಂಬಿದ, ಅವನ ಹೆಸರಿನಲ್ಲಿ ಅಪರಾಧದ ದಾಖಲೆ ಇದೆಯಾ ಅಂತ ಕಂಪ್ಯೂಟರ್‌ನಲ್ಲಿ ನೋಡಿದರು, ಅದೇ ಸಂಜೆ ಮನೆಗೆ ತಂದ. ನಾನು ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಇಲ್ಲಿ ನಾನು ಒಂದು ರಿವಾಲ್ವರ್ ಬೇಕು ಅಂದರೆ ತಿಂಗಳುಗಟ್ಟಲೆ ಓಡಾಡಬೇಕು. ಓಡಾಡಿದರೂ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಆ ಫೋನ್ ಆದ ಮೇಲೆ ಈ ವಿಷಯವನ್ನು ನಾನು ಬಿಡದೆ ಓದಿದೆ. ಅಮೆರಿಕದಲ್ಲಿ ಶಾಲೆಯೊಂದರಲ್ಲಿ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ಇಲ್ಲಿ ನಾವು "ಆ ಜನಕ್ಕೆ ಬುದ್ಧಿ ಇಲ್ವಾ, ಎಲ್ಲ ನಿಷೇಧ ಮಾಡಬಾರದಾ?" ಅಂತ ಕೇಳುತ್ತೇವೆ. ಅವರೋ, "ಸರ್ಕಾರದ ಹತ್ತಿರ ಕೈಮುಗಿದು ಆಯುಧ ಕೇಳುವ ನೀವೆಂಥ ಸ್ವತಂತ್ರರು?" ಅನ್ನುತ್ತಾರೆ. ಎರಡರ ಹಿಂದೆಯೂ ಒಂದೇ ಪ್ರಶ್ನೆ ಇದೆ: ಕಾರಣ ಕೊಡಬೇಕಾದವರು ಯಾರು? ನಮ್ಮಲ್ಲಿ, ಬಂದೂಕು ಬೇಕು ಅನ್ನುವವನು ಯಾಕೆ ಬೇಕು ಅಂತ ಹೇಳಬೇಕು. ಅಲ್ಲಿ, ಕೊಡುವುದಿಲ್ಲ ಅನ್ನುವ ಸರ್ಕಾರ ಯಾಕೆ ಕೊಡುವುದಿಲ್ಲ ಅಂತ ಹೇಳಬೇಕು. ಉಳಿದ ವಾದಗಳೆಲ್ಲ ಇಲ್ಲಿಂದಲೇ ಕವಲೊಡೆಯುತ್ತವೆ.

ಮೊದಲು ನಮ್ಮ ಕಡೆಯದನ್ನು ನೋಡೋಣ.

ನಮ್ಮಲ್ಲಿ ಈಗ ನಡೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು. ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಡಿ.ಸಿ. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್. ಅರ್ಜಿಯ ಜೊತೆ ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು. ಆಯುಧ ಹಿಡಿಯುವ ತರಬೇತಿ ಆಗಿರಬೇಕು. ಮನೆಯಲ್ಲಿ ಭದ್ರವಾಗಿ ಎಲ್ಲಿ ಇಡುತ್ತೀರಿ ಅಂತ ಬರೆದುಕೊಡಬೇಕು. ಆಮೇಲೆ ಠಾಣೆಯಿಂದ ವಿಚಾರಣೆ, ವರದಿ. 21 ವರ್ಷ ತುಂಬಿರಬೇಕು. ಕ್ರೀಡಾಪಟುಗಳಿಗೆ ಬೇರೆ ಲೆಕ್ಕ.

ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಒಂದು ಸೂಕ್ಷ್ಮ ಇದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಉದ್ದ ನಳಿಗೆಯ ಕೋವಿಯನ್ನೂ ಗಿಡ್ಡ ಪಿಸ್ತೂಲನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 20 ಇಂಚಿಗೆ ಕಡಿಮೆ ಇಲ್ಲದ ನಯವಾದ ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಬೆಳೆ ಕಾಯಲು ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು) ಕೇಳಿದರೆ, ತಡೆಯಲು ಬೇರೆ ಕಾರಣ ಇಲ್ಲದಿದ್ದರೆ ಕೊಡಬೇಕು ಅನ್ನುತ್ತದೆ. ರಿವಾಲ್ವರ್, ಪಿಸ್ತೂಲು ಅಂದರೆ ಮಾತ್ರ "ಸರಿಯಾದ ಕಾರಣ" ಇದೆ ಅಂತ ಅಧಿಕಾರಿಗೆ ಮನದಟ್ಟಾಗಬೇಕು. ನನಗೆ ಇದು ಸರಿ ಅನ್ನಿಸುತ್ತದೆ. ಅಪ್ಪನ ಕೋವಿಯನ್ನು ಪಂಚೆಯೊಳಗೆ ಬಚ್ಚಿಟ್ಟು ಬಸ್ ಹತ್ತಲು ಆಗುತ್ತಿರಲಿಲ್ಲ. ಪಿಸ್ತೂಲನ್ನು ಬಚ್ಚಿಡಬಹುದು.

ಇನ್ನೊಂದು ಗೆರೆ ಗುಂಡಿನ ಅಳತೆಯದ್ದು. 9 ಎಂಎಂ ಪಿಸ್ತೂಲು, .303 ರೈಫಲ್‌ನಂಥವು "ನಿಷೇಧಿತ ಬೋರ್". ಅವಕ್ಕೆ ದಿಲ್ಲಿಯ ಗೃಹ ಸಚಿವಾಲಯವೇ ಒಪ್ಪಬೇಕು. ಸೇನೆ, ಪೊಲೀಸರು ಬಳಸುವ ಅಳತೆಯ ಗುಂಡು ಕದ್ದು ಹೊರಗೆ ಬಂದರೂ ಊರಿನವರ ಬಂದೂಕಿಗೆ ಹೊಂದಬಾರದು ಅನ್ನುವುದು ಅದರ ಹಿಂದಿನ ಯೋಚನೆ. ಅದಕ್ಕೇ ಸಾಮಾನ್ಯ ಜನರ ಕೈಯಲ್ಲಿ .32 ರಿವಾಲ್ವರ್, .315 ರೈಫಲ್, 12 ಬೋರ್ ಕೋವಿ ಕಾಣುವುದು.

2019ರ ಡಿಸೆಂಬರ್‌ನಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. ಅದಕ್ಕೆ ಮೊದಲು ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಸರ್ಕಾರ ಅದನ್ನು ಒಂದಕ್ಕೆ ಇಳಿಸಲು ಹೊರಟಿತ್ತು, ವಿರೋಧ ಬಂದು ಎರಡಕ್ಕೆ ನಿಂತಿತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದು ವರ್ಷ ಆಯಿತು. ಮದುವೆ, ಮೆರವಣಿಗೆಗಳಲ್ಲಿ ಜನರ ಜೀವಕ್ಕೆ ಅಪಾಯ ಆಗುವಂತೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಮ್ಮ ಕಡೆಯ ಮದುವೆಗಳಲ್ಲಿ ಆ ಹುಚ್ಚು ಕಡಿಮೆ. ಉತ್ತರದಲ್ಲಿ ಅದಕ್ಕೆ ಪ್ರತಿ ವರ್ಷ ಜೀವ ಹೋಗುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟು ಎಲ್ಲಿಂದ ಬಂತು? ಈ ಕಥೆ ನನ್ನನ್ನು ತುಂಬ ಕಾಡಿತು. ಯಾಕೆಂದರೆ ಅದರ ಬೇರು ಒಳ್ಳೆಯ ಮಣ್ಣಿನಲ್ಲಿ ಇಲ್ಲ.

1857ರ ದಂಗೆಯ ನಂತರ ಬ್ರಿಟಿಷರಿಗೆ ನಮ್ಮವರ ಕೈಯಲ್ಲಿ ಆಯುಧ ಕಂಡರೆ ಭಯ. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಂದರು. ಭಾರತೀಯರು ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ, ಯುರೋಪಿಯನ್ನರಿಗೆ ಈ ಕಟ್ಟು ಇಲ್ಲ. ಚರ್ಮದ ಬಣ್ಣ ನೋಡಿ ಬರೆದ ಕಾನೂನು ಅದು. ಅದಕ್ಕೇ ಸ್ವಾತಂತ್ರ್ಯ ಹೋರಾಟದಲ್ಲಿ ಅದು ದೊಡ್ಡ ಗಾಯವಾಗಿತ್ತು. ಇಡೀ ದೇಶವನ್ನು ನಿರಾಯುಧ ಮಾಡಿದ ಆ ಕಾಯ್ದೆಯನ್ನು ಬ್ರಿಟಿಷ್ ಆಡಳಿತದ ಅತ್ಯಂತ ಕರಾಳ ಕೆಲಸ ಅಂತ ಚರಿತ್ರೆ ನೆನಪಿಡುತ್ತದೆ ಎಂಬ ಅರ್ಥದಲ್ಲಿ ಗಾಂಧೀಜಿ 1918ರಲ್ಲಿ ಬರೆದರು. ಇವತ್ತು ಬಂದೂಕು ಹಕ್ಕಿನ ಪರ ಇರುವವರು ಈ ಮಾತನ್ನು ಪದೇಪದೇ ತೋರಿಸುತ್ತಾರೆ. ಆದರೆ ಗಾಂಧೀಜಿ ಅದನ್ನು ಬರೆದದ್ದು ಮೊದಲ ಮಹಾಯುದ್ಧಕ್ಕೆ ಜನರನ್ನು ಸೇರಿಸುವ ಕರಪತ್ರದಲ್ಲಿ. ಸೇನೆ ಸೇರಿ ಆಯುಧ ಬಳಸಲು ಕಲಿಯಿರಿ ಅಂತ ಹೇಳುತ್ತಿದ್ದರು. ದಿಂಬಿನ ಕೆಳಗೆ ಪಿಸ್ತೂಲು ಇಟ್ಟುಕೊಳ್ಳಿ ಅಂತ ಅಲ್ಲ. ಆ ಹಿನ್ನೆಲೆ ಬಿಟ್ಟು ಮಾತನ್ನಷ್ಟೇ ಎತ್ತಿಕೊಂಡರೆ ತಪ್ಪಾಗುತ್ತದೆ.

1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಮೂಲಭೂತ ಹಕ್ಕುಗಳ ಪಟ್ಟಿ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಕೂಡ ಅದರಲ್ಲಿತ್ತು. ಅಂದರೆ ನಮ್ಮ ನಾಯಕರು ಇದನ್ನು ಒಂದು ಕಾಲದಲ್ಲಿ ಹಕ್ಕು ಅಂತಲೇ ನೋಡಿದ್ದರು!

ಹಾಗಾದರೆ ಸಂವಿಧಾನದಲ್ಲಿ ಅದು ಯಾಕೆ ಇಲ್ಲ? 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಮೇಲೆ ಚರ್ಚೆ ನಡೆಯಿತು. ಈ ಹಕ್ಕನ್ನು ಸೇರಿಸಿ ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್. ಮಂಗಳೂರಿನಲ್ಲಿ ಹುಟ್ಟಿದವರು, ಐಸಿಎಸ್ ನೌಕರಿ ಬಿಟ್ಟು ಹೋರಾಟಕ್ಕೆ ಇಳಿದವರು. ಕರಾಚಿಯ ಮಾತನ್ನು ಅವರು ಸಭೆಗೆ ನೆನಪಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು, ಎಂಥವರು ಅಂತ ನೋಡದೆ ಎಲ್ಲರಿಗೂ ಈ ಹಕ್ಕು ಕೊಟ್ಟರೆ ದೇಶದ ಶಾಂತಿ ಉಳಿಯುವುದು ಕಷ್ಟ ಅನ್ನುವುದು ಅವರ ವಾದ. ದೇಶ ವಿಭಜನೆಯ ರಕ್ತ ಆಗಿನ್ನೂ ಒಣಗಿರಲಿಲ್ಲ, ಅದೇ ಜನವರಿಯಲ್ಲಿ ಗಾಂಧೀಜಿಯನ್ನು ಪಿಸ್ತೂಲಿನಿಂದ ಕೊಂದಿದ್ದರು ಅನ್ನುವುದನ್ನು ನೆನಪಿಟ್ಟುಕೊಂಡು ಆ ಚರ್ಚೆ ಓದಬೇಕು. ತಿದ್ದುಪಡಿ ಬಿದ್ದುಹೋಯಿತು. 19ನೇ ವಿಧಿಯಲ್ಲಿ ಉಳಿದದ್ದು ಅದರ ತದ್ವಿರುದ್ಧದ ಮಾತು: ಜನ ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರಬಹುದು.

ಕೋರ್ಟುಗಳೂ ಈಗ ಅದನ್ನೇ ಹೇಳುತ್ತವೆ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಉತ್ತರ ಪ್ರದೇಶದ ಒಂದು ಜಾಮೀನು ಪ್ರಕರಣ ನೋಡುವಾಗ ಲೈಸೆನ್ಸ್ ಇಲ್ಲದ ಬಂದೂಕುಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಮೆರಿಕದಂತೆ ಇಲ್ಲಿ ಆಯುಧ ಹೊಂದುವುದು ಹಕ್ಕಲ್ಲ ಅಂತ ಆಗ ಹೇಳಿತು. ಆ ಪೀಠದಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರ ಜೊತೆ ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಇದ್ದರು.

ಆದರೆ ಒಂದು ಜಿಲ್ಲೆಯ ಕಥೆಯೇ ಬೇರೆ, ಅದೂ ನಮ್ಮ ರಾಜ್ಯದ್ದೇ. ಕೊಡಗು. ನಾವು ದಿನಾ ದಾಟಿಹೋಗುವ ಕಬ್ಬನ್ ಪಾರ್ಕಿಗೆ ಯಾರ ಹೆಸರಿದೆಯೋ ಆ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್, 1861ರಲ್ಲಿ ಕೊಡಗಿನವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟ. ಅವರ ಶೌರ್ಯ, ನಿಷ್ಠೆ ಇದಕ್ಕೆ ಕಾರಣ ಅಂತ ಬರೆದ. ನಿಷ್ಠೆ ಯಾರಿಗೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಆ ವಿನಾಯಿತಿ ಮುಂದುವರಿಯಿತು. ಈಗ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ 2029ರವರೆಗೆ ಇದೆ. ಇದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಹೋದ ಅರ್ಜಿ 2021ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು.

ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೊಡಗಿನ ಮನೆಗೆ ಹೋದವರಿಗೆ ಗೊತ್ತು. ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಬಂದೂಕು ಇದ್ದಷ್ಟಕ್ಕೇ ಜನ ಒಬ್ಬರನ್ನೊಬ್ಬರು ಹೊಡೆದುಕೊಳ್ಳುವುದಿಲ್ಲ ಅನ್ನುವುದಕ್ಕೆ ಬಂದೂಕು ಪರ ವಾದಿಸುವವರು ಕೊಡಗನ್ನು ತೋರಿಸುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಅಲ್ಲಿ ಕೋವಿಯ ಸುತ್ತ ಐನ್‌ಮನೆ (ಕುಲದ ಮೂಲ ಮನೆ) ಇದೆ, ಹಿರಿಯರ ಕಣ್ಣಿದೆ, ಕಟ್ಟುಪಾಡಿದೆ. ಅದನ್ನೆಲ್ಲ ಬಿಟ್ಟು ಕೋವಿಯನ್ನಷ್ಟೇ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ತಂದರೆ ಫಲ ಅದೇ ಇರುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಈಗ ಅಮೆರಿಕಕ್ಕೆ ಬರೋಣ.

1791ರಲ್ಲಿ ಅವರ ಸಂವಿಧಾನಕ್ಕೆ ಬಂದ ಎರಡನೇ ತಿದ್ದುಪಡಿ ಒಂದೇ ವಾಕ್ಯ. ಮೊದಲ ಅರ್ಧದಲ್ಲಿ, ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಬೇಕು ಅಂತ ಇದೆ. ಎರಡನೇ ಅರ್ಧದಲ್ಲಿ, ಜನರು ಆಯುಧ ಹೊಂದುವ ಹಕ್ಕನ್ನು ಮುರಿಯಬಾರದು ಅಂತ ಇದೆ. ಮೊದಲ ಅರ್ಧಕ್ಕೆ ತೂಕ ಕೊಟ್ಟರೆ ಅದು ಪಡೆಯ ಹಕ್ಕು, ಎರಡನೆಯದಕ್ಕೆ ಕೊಟ್ಟರೆ ಪ್ರತಿಯೊಬ್ಬನ ಹಕ್ಕು. ಇನ್ನೂರು ವರ್ಷಕ್ಕೂ ಜಾಸ್ತಿ ಜಗಳ ಈ ಒಂದು ವಾಕ್ಯದ ಮೇಲೆ. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟ್ 5-4ರಲ್ಲಿ ಎರಡನೆಯದನ್ನು ಒಪ್ಪಿತು. ಮನೆಯಲ್ಲಿ ಆತ್ಮರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂದಿತು. 2022ರಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಆ ಹಕ್ಕು ಮನೆಯ ಹೊರಗೂ ಬಂತು. ನ್ಯೂಯಾರ್ಕ್ ರಾಜ್ಯ, ಬಂದೂಕು ಹೊತ್ತು ತಿರುಗಲು "ಸರಿಯಾದ ಕಾರಣ" ಹೇಳಿ ಅನ್ನುತ್ತಿತ್ತು. ಕೋರ್ಟ್ ಅದನ್ನು ಹೊಡೆದುಹಾಕಿತು. ನೋಡಿ, ಅಲ್ಲಿ ಬಿದ್ದುಹೋದ ನಿಯಮ ನಮ್ಮ 13ನೇ ಸೆಕ್ಷನ್ ಕೇಳುವುದಕ್ಕೆ ಎಷ್ಟು ಹತ್ತಿರ! ಹಾಗಂತ ಎಲ್ಲ ನಿಯಂತ್ರಣವೂ ಸತ್ತಿಲ್ಲ. ಮನೆಯವರನ್ನು ಹಿಂಸಿಸುವ ಅಪಾಯ ಇದೆ ಅಂತ ಕೋರ್ಟ್ ದೂರ ಇಟ್ಟವನ ಕೈಯಿಂದ ಬಂದೂಕು ತೆಗೆಯಬಹುದು ಅಂತ 2024ರ ರಹೀಮಿ ಪ್ರಕರಣದಲ್ಲಿ 8-1ರಲ್ಲಿ ತೀರ್ಪಾಯಿತು.

ಅಲ್ಲಿ ಬಂದೂಕು ಬೇಕು ಅನ್ನುವವರೆಲ್ಲ ಹುಚ್ಚರಲ್ಲ. ಪೊಲೀಸರು ಬರಲು ಮುಕ್ಕಾಲು ಗಂಟೆ ಬೇಕಾದ ಒಂಟಿ ಮನೆಗಳಿವೆ. ನಮ್ಮ ಮಲೆನಾಡಿನವರಿಗೆ ಇದು ಅರ್ಥವಾಗುತ್ತದೆ. ಇನ್ನೊಂದು ಮಾತು ನನ್ನನ್ನು ನಿಲ್ಲಿಸಿತು. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುಂಡು ತುಂಬಿದ ಬಂದೂಕನ್ನು ಸಾರ್ವಜನಿಕ ಜಾಗದಲ್ಲಿ ಹಿಡಿದು ತಿರುಗುವುದನ್ನು ನಿಷೇಧಿಸಿದರು. ಸಹಿ ಹಾಕಿದವರು ಆಗಿನ ಗವರ್ನರ್ ರೊನಾಲ್ಡ್ ರೇಗನ್. ಬ್ಲ್ಯಾಕ್ ಪ್ಯಾಂಥರ್ಸ್ ಎಂಬ ಕಪ್ಪು ಜನರ ಸಂಘಟನೆ ಬಂದೂಕು ಹಿಡಿದು ಬೀದಿಯಲ್ಲಿ ಪೊಲೀಸರ ಮೇಲೆ ಕಣ್ಣಿಡಲು ಶುರು ಮಾಡಿತ್ತು, ಅದಕ್ಕೆ. ಯಾರ ಕೈಯಲ್ಲಿ ಇದೆ ಅನ್ನುವುದರ ಮೇಲೆ ಬಂದೂಕಿನ ಭಯ ಹುಟ್ಟುತ್ತದೆ. 1878ರ ನಮ್ಮ ಕಾಯ್ದೆಯೂ ಹಾಗೇ ಹುಟ್ಟಿದ್ದು ಅಲ್ವಾ?

ಆದರೆ ಆ ಹಕ್ಕಿಗೆ ಅವರು ಕೊಡುತ್ತಿರುವ ಬೆಲೆಯನ್ನೂ ಹೇಳಲೇಬೇಕು. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ದೊಡ್ಡವರು ಸತ್ತರು. ಆಮೇಲೆ ಖಾಸಗಿ ಮಾರಾಟಕ್ಕೂ ಹಿನ್ನೆಲೆ ಪರಿಶೀಲನೆ ಬೇಕು ಅನ್ನುವ ಮಸೂದೆಗೆ ಸೆನೆಟ್‌ನಲ್ಲಿ 54 ಮತ ಬಂತು. ಬೇಕಿದ್ದದ್ದು 60. ಅಲ್ಲಿಗೆ ಮುಗಿಯಿತು. 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ ಒಂದು ಚಿಕ್ಕ ಕಾಯ್ದೆ ಬಂತು, 21ರ ಒಳಗಿನವರಿಗೆ ಪರಿಶೀಲನೆ ಸ್ವಲ್ಪ ಬಿಗಿಯಾಯಿತು. ಬೇರೆ ದೇಶಗಳು ಇಷ್ಟು ಕಾಯಲಿಲ್ಲ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತಾಗ ಆಸ್ಟ್ರೇಲಿಯಾ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ವಾಪಸ್ ಪಡೆಯಿತು. 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನ ಸತ್ತ ಒಂದು ತಿಂಗಳೊಳಗೆ ನ್ಯೂಜಿಲೆಂಡ್ ಸಂಸತ್ತು 119-1ರಲ್ಲಿ ಕಾಯ್ದೆ ಬದಲಿಸಿತು. ಅವೆರಡು ದೇಶಗಳಲ್ಲಿ ಬಂದೂಕು ಸಂವಿಧಾನದ ಹಕ್ಕಲ್ಲ. ಅದರಿಂದಲೇ ಅಷ್ಟು ಬೇಗ ಆಯಿತು.

ಹಾಗಾದರೆ ನಾವು ಸುರಕ್ಷಿತವಾ? ಇಲ್ಲಿ ನನಗೆ ಸಮಾಧಾನ ಇಲ್ಲ.

2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ತಮ್ಮ ಮನೆಯ ಬಾಗಿಲಲ್ಲೇ ಗೌರಿ ಲಂಕೇಶ್ ಅವರನ್ನು ಗುಂಡಿಟ್ಟು ಕೊಂದರು. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆಯಲ್ಲೇ ಕೊಂದಿದ್ದರು. ಎರಡೂ ಕಡೆ 7.65 ಎಂಎಂ ನಾಡ ಪಿಸ್ತೂಲು. ಒಂದೇ ಪಿಸ್ತೂಲು ಎರಡೂ ಕಡೆ ಬಳಕೆಯಾಗಿದೆ ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅಂಥ ಪಿಸ್ತೂಲಿಗೆ ಯಾರೂ ವೈದ್ಯರ ಪ್ರಮಾಣಪತ್ರ ಜೋಡಿಸಿ ಅರ್ಜಿ ಹಾಕುವುದಿಲ್ಲ.

ಲೆಕ್ಕವೂ ಅದನ್ನೇ ಹೇಳುತ್ತದೆ. 2016ರ ಕೊನೆಗೆ ದೇಶದಲ್ಲಿ ಚಾಲ್ತಿಯಲ್ಲಿದ್ದ ಲೈಸೆನ್ಸ್ ಸುಮಾರು 33.7 ಲಕ್ಷ. ಉತ್ತರ ಪ್ರದೇಶ ಒಂದರಲ್ಲೇ ಸುಮಾರು 12.8 ಲಕ್ಷ, ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. ಜಗತ್ತಿನ ಬಂದೂಕುಗಳನ್ನು ಲೆಕ್ಕ ಹಾಕುವ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2017ಕ್ಕೆ ಮಾಡಿದ ಅಂದಾಜಿನಲ್ಲಿ ಭಾರತದ ನಾಗರಿಕರ ಬಳಿ ಸುಮಾರು 7.1 ಕೋಟಿ ಬಂದೂಕುಗಳಿವೆ. ಅದರಲ್ಲಿ ದಾಖಲಾದವು ಒಂದು ಕೋಟಿಗಿಂತ ಕಡಿಮೆ. ಅಮೆರಿಕದಲ್ಲಿ 39.3 ಕೋಟಿ, ಅಂದರೆ ಅಲ್ಲಿನ ಜನರಿಗಿಂತ ಬಂದೂಕು ಜಾಸ್ತಿ. ನೂರು ಜನರಿಗೆ ಲೆಕ್ಕ ಹಾಕಿದರೆ ಅಲ್ಲಿ 120, ಇಲ್ಲಿ ಐದರ ಆಸುಪಾಸು. ನಮ್ಮದು ಕಡಿಮೆ ನಿಜ. ಆದರೆ ಇರುವುದರಲ್ಲಿ ಹೆಚ್ಚಿನವು ಯಾವ ರಿಜಿಸ್ಟರಿನಲ್ಲೂ ಇಲ್ಲ.

"ನೋಡಿ, ಕಾನೂನು ಕಟ್ಟಿಹಾಕುವುದು ಪ್ರಾಮಾಣಿಕರನ್ನು ಮಾತ್ರ" ಅಂತ ಬಂದೂಕು ಹಕ್ಕಿನವರು ಇದನ್ನೇ ಎತ್ತಿ ಹೇಳುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಬರುವ ಹುಡುಗಿಗೆ ಲೈಸೆನ್ಸ್ ಸಿಗುವುದು ಕಷ್ಟ, ದೊಡ್ಡವರ ಪರಿಚಯ ಇರುವ ವ್ಯಾಪಾರಿಗೆ ಸುಲಭ ಅನ್ನುವ ದೂರು ಸುಳ್ಳಲ್ಲ. 2012ರ ದಿಲ್ಲಿಯ ನಿರ್ಭಯಾ ಅತ್ಯಾಚಾರ ಘಟನೆಯ ನಂತರ ಹೆಂಗಸರಿಗೆ ಅಂತಲೇ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ "ನಿರ್ಭೀಕ್" ಎಂಬ ಹಗುರ ರಿವಾಲ್ವರ್ ತಂದಿತು. ಬೆಲೆ ಒಂದು ಲಕ್ಷಕ್ಕೂ ಮೇಲೆ. ಯಾವ ಗಾರ್ಮೆಂಟ್ಸ್ ಹುಡುಗಿ ಕೊಂಡಾಳು? ಆಕೆಗೆ ಬೇಕಿರುವುದು ಬೆಳಕಿರುವ ರಸ್ತೆ, ಹೊತ್ತಿಗೆ ಬರುವ ಬಸ್ಸು.

ನಾಡ ಪಿಸ್ತೂಲನ್ನು ತಡೆಯುವ ದಾರಿ ಬೇರೆ. ಪಿಸ್ತೂಲನ್ನು ಬಿಹಾರದ ಮುಂಗೇರ್‌ನಂಥ ಕಡೆ ಕದ್ದುಮುಚ್ಚಿ ಸಣ್ಣ ಲೇತ್ ಮೆಷಿನ್‌ನಲ್ಲಿ ಮಾಡಿಬಿಡುತ್ತಾರೆ. ಒಳ್ಳೆಯ ಗುಂಡು ಮಾಡುವುದು ಅಷ್ಟು ಸುಲಭವಲ್ಲ. ಅದು ಬಹಳ ಸಲ ಕಾನೂನಿನ ಒಳಗಿರುವ ಅಂಗಡಿ, ಕಾರ್ಖಾನೆಗಳಿಂದಲೇ ಸೋರಿ ಬರುತ್ತದೆ. ಅಪ್ಪ ತೋಟಾ ಕೊಂಡಾಗಲೆಲ್ಲ ಅಂಗಡಿಯವರು ಲೈಸೆನ್ಸ್ ಪುಸ್ತಕದಲ್ಲಿ ಎಷ್ಟು ಅಂತ ಬರೆದು ಕೊಡುತ್ತಿದ್ದರು. ಆ ಪುಟ್ಟ ಲೆಕ್ಕವನ್ನು ಎಲ್ಲ ಕಡೆ ಶಿಸ್ತಾಗಿ ಇಟ್ಟರೆ, ಹೊಸ ಕಾಯ್ದೆಗಿಂತ ಜಾಸ್ತಿ ಕೆಲಸ ಆಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೋವಿಯ ವಿಷಯ ಅರ್ಧಕ್ಕೆ ಬಿಟ್ಟೆ. ಬೆಂಗಳೂರಿನಲ್ಲಿ ನನ್ನಂತೆ ಊರಿನ ಕೋವಿಗೆ ವಾರಸುದಾರರಾದವರು ಬಹಳ ಜನ ಇರುತ್ತಾರೆ, ಅವರಿಗೆ ಇದು ಉಪಯೋಗ ಆದೀತು. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿ ಮನೆಯಲ್ಲಿ ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಅಟ್ಟದ ಮೇಲೆ ಇದ್ದರೂ ಅದು ಲೈಸೆನ್ಸ್ ಇಲ್ಲದ ಆಯುಧವೇ. ತಡಮಾಡದೆ ಠಾಣೆಯಲ್ಲೋ, ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು. ಬೇಡ ಅಂದರೆ ಲೈಸೆನ್ಸ್ ಇರುವವರಿಗೆ ಮಾರಬಹುದು. ನಮ್ಮಲ್ಲಿ ತೋಟ ನೋಡಿಕೊಳ್ಳುವ ತಮ್ಮ ಅರ್ಜಿ ಹಾಕಿದ್ದಾನೆ. ನಾವು ಅಕ್ಕಂದಿರು ಒಪ್ಪಿಗೆ ಪತ್ರ ಬರೆದುಕೊಟ್ಟೆವು. ಪೊಲೀಸ್ ವರದಿ ಇನ್ನೂ ಹೋಗಬೇಕಿದೆ, ಮಂಗಗಳು ಮಾತ್ರ ಕಾಯುತ್ತಿಲ್ಲ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದೆ. ಕೊನೆಗೆ ನಾನು ಕೇಳಿದ್ದು ಒಂದೇ: "ನಿನ್ನ ಪಿಸ್ತೂಲು ಮನೆಯಲ್ಲಿ ಎಲ್ಲಿ ಇಟ್ಟಿದ್ದೀಯಾ?"

"ಮಂಚದ ಪಕ್ಕದ ಡ್ರಾಯರ್‌ನಲ್ಲಿ, ಚಿಕ್ಕಮ್ಮಾ. ಹೊತ್ತಿಗೆ ಕೈಗೆ ಸಿಗಬೇಕಲ್ಲ."

ಅವನ ಮಗಳಿಗೆ ಮೂರು ವರ್ಷ. 2020ರಿಂದ ಅಮೆರಿಕದಲ್ಲಿ 1ರಿಂದ 19 ವರ್ಷದೊಳಗಿನ ಮಕ್ಕಳು ಎಲ್ಲಕ್ಕಿಂತ ಜಾಸ್ತಿ ಸಾಯುತ್ತಿರುವುದು ಬಂದೂಕಿನಿಂದ, ರಸ್ತೆ ಅಪಘಾತಕ್ಕಿಂತಲೂ ಜಾಸ್ತಿ ಅಂತ ಹೇಳಿದೆ. ನಿನ್ನ ಅಜ್ಜ ಕೋವಿಯನ್ನು ದೇವರ ಕೋಣೆಯ ಪಕ್ಕದ ಕಬ್ಬಿಣದ ಬೀರುವಿನಲ್ಲಿ, ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಟ್ಟು, ಎರಡರ ಬೀಗದ ಕೈಯನ್ನೂ ಉಡಿದಾರಕ್ಕೆ ಕಟ್ಟಿಕೊಂಡು ಮಲಗುತ್ತಿದ್ದರು ಅಂತಲೂ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೊನ್ನೆ ಮೆಸೇಜ್ ಹಾಕಿದ್ದಾನೆ. ಬೀಗ ಇರುವ ಪೆಟ್ಟಿಗೆಗೆ ಆರ್ಡರ್ ಮಾಡಿದ್ದಾನಂತೆ, ಇನ್ನೂ ಬಂದಿಲ್ಲವಂತೆ. ಅದು ಬರುವವರೆಗೆ ಗುಂಡುಗಳನ್ನಾದರೂ ತೆಗೆದು ಬೇರೆ ಕಡೆ ಇಡು ಅಂತ ಬರೆದಿದ್ದೇನೆ.